ಮೈಗೆ ತಾಗುವ ಬಟ್ಟೆ ಮೆರಿನೋ ಆದರೆ ಏನು ಲಾಭ? ಚಾರಣ, ಓಟ, ಸೈಕಲ್ ಮಾಡುವವರು ಬನ್ನಿ

ಬೆಟ್ಟದದಾರಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಚಾರಣಕ್ಕೆ ಹೋಗುವಾಗ ಮೈಗೆ ತಾಗುವ ಮೊದಲ ಬಟ್ಟೆಯಾಗಿ ಮೆರಿನೋ ಅನ್ನುವ ಕುರಿ ತಳಿಯ ನವಿರಾದ ಉಣ್ಣೆಯದ್ದನ್ನೇ ಹಾಕುತ್ತಿದ್ದೇನೆ. ಪ್ರತಿ ಸಲವೂ ಜೊತೆಯವರಲ್ಲಿ ಯಾರಾದರೊಬ್ಬರು ಕೇಳುತ್ತಾರೆ, "ಉಣ್ಣೆ ಚಳಿಗೆ ಸರಿ, ಬೆವರು ಸುರಿಯುವಾಗ ಯಾಕೆ?" ಏರು ಹತ್ತುತ್ತಾ ಇದಕ್ಕೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅನುಭವವನ್ನೂ ಹೇಳಿ. ನಾನು ತಪ್ಪಿದ್ದರೆ ತಿದ್ದಿ.

ನಾನು ಬದಲಾಗಿದ್ದು ಒಂದೇ ದಿನದ ಅನುಭವದಿಂದ. ಕಡಿದಾದ ಏರು, ಹತ್ತಿಯ ಟೀಶರ್ಟ್, ಬೆನ್ನಿಗೆ ಭಾರದ ಚೀಲ. ಎರಡು ಗಂಟೆ ಹತ್ತುವಷ್ಟರಲ್ಲಿ ಬೆನ್ನು ಪೂರ್ತಿ ತೊಯ್ದಿತ್ತು. ನಡೆಯುವಾಗ ಏನೂ ಅನಿಸಲಿಲ್ಲ. ಮೇಲೆ ತಲುಪಿ ಚೀಲ ಇಳಿಸಿ ಗಾಳಿಗೆ ನಿಂತೆ. ಹತ್ತೇ ನಿಮಿಷದಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ಬೆರಳು ಎಷ್ಟು ಮರಗಟ್ಟಿತ್ತು ಅಂದರೆ ಜಾಕೆಟ್ಟಿನ ಜಿಪ್ ಎಳೆಯಲು ಗೆಳತಿಯೇ ಬರಬೇಕಾಯಿತು. ಅವತ್ತು ಮಳೆ ಇರಲಿಲ್ಲ, ಹಿಮ ಇರಲಿಲ್ಲ. ನನ್ನನ್ನು ಒದ್ದೆ ಮಾಡಿದ್ದು ನನ್ನದೇ ಬೆವರು.

ಆಮೇಲೆ ಓದಿ ತಿಳಿದುಕೊಂಡೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ. ಒದ್ದೆ ಹತ್ತಿ ಮೈಗೆ ಅಂಟಿಕೊಂಡರೆ ನಡುವೆ ಗಾಳಿಯೇ ಇರುವುದಿಲ್ಲ, ಬರೀ ನೀರು. ಮೆರಿನೋ ಇಲ್ಲಿ ಬೇರೆ ಥರ. ಅದು ಬೆವರನ್ನು ಆವಿಯಾಗಿರುವಾಗಲೇ ಎಳೆಯ ಒಳಕ್ಕೆ ತೆಗೆದುಕೊಳ್ಳುತ್ತದೆ. ನೂರು ಗ್ರಾಂ ಒಣ ಉಣ್ಣೆ ಸುಮಾರು 30 ಗ್ರಾಂ ತೇವವನ್ನು ಒಳಗಿಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಪಾಲಿಯೆಸ್ಟರ್ ಎಳೆಯ ಒಳಗೆ ಒಂದು ಗ್ರಾಂ ಕೂಡ ಹೋಗುವುದಿಲ್ಲ.

ನನ್ನ ಮಟ್ಟಿಗೆ ಇದರ ನಿಜವಾದ ಲಾಭ ಇರುವುದು ಬೆವರಿ ನಿಂತ ಆ ಹತ್ತು ನಿಮಿಷದಲ್ಲಿ. ನಿಮಗೆ ಹೇಗೆ ಅನಿಸಿದೆ?

ಹೊಸಹೆಜ್ಜೆ

ಓದಿ ಆಸೆ ಆಯಿತು. ಆದರೆ ಒಂದು ಭಯ ಇದೆ. ಚಿಕ್ಕವನಿದ್ದಾಗ ಉಣ್ಣೆ ಸ್ವೆಟರ್ ಹಾಕಿದರೆ ಕುತ್ತಿಗೆಯೆಲ್ಲ ಕೆಂಪಾಗಿ ನವೆ ಬರುತ್ತಿತ್ತು. ನನಗೆ ಉಣ್ಣೆ ಅಲರ್ಜಿ ಅಂತಲೇ ಮನೆಯಲ್ಲಿ ತೀರ್ಮಾನವಾಗಿತ್ತು. ಅಂಥವರು ಇದನ್ನು ಬರೀ ಮೈಗೆ ಹಾಕಬಹುದಾ? ಮುಂದಿನ ತಿಂಗಳು ಮೂರು ದಿನದ ನಡಿಗೆ ಇದೆ, ನನ್ನ ಮೊದಲನೆಯದು.

ನೂಲುನೇಯ್ಗೆ

ಹೊಸಹೆಜ್ಜೆ ಅವರೇ, ಹೆಣೆದ ಬಟ್ಟೆ ತಯಾರಿಸುವ ಕಡೆ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಬಟ್ಟೆ ಆರಿಸುವುದು ಸುಲಭ.

ಉಣ್ಣೆಯಿಂದ ನವೆ ಬರುವುದು ಹೆಚ್ಚಿನವರಲ್ಲಿ ಅಲರ್ಜಿಯಿಂದಲ್ಲ, ಎಳೆಯ ದಪ್ಪದಿಂದ. ಬಟ್ಟೆಯ ಮೇಲೆ ಸಣ್ಣ ಸಣ್ಣ ಎಳೆಯ ತುದಿಗಳು ನಿಂತಿರುತ್ತವೆ. ತೆಳು ಎಳೆಯಾದರೆ ಚರ್ಮ ತಾಗಿದ ಕೂಡಲೇ ಬಾಗುತ್ತದೆ. ದಪ್ಪ ಎಳೆ ಬಾಗುವುದಿಲ್ಲ, ಚರ್ಮವನ್ನು ಒತ್ತುತ್ತದೆ. ಅದನ್ನೇ ನಾವು ಚುಚ್ಚುತ್ತದೆ ಅನ್ನುವುದು. ದಪ್ಪ ಎರಡರಷ್ಟಾದರೆ ಎಳೆಯ ಗಡಸುತನ ಎರಡರಷ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಹಾಗಾಗಿ ಕೆಲವೇ ಮೈಕ್ರಾನ್ ವ್ಯತ್ಯಾಸಕ್ಕೆ ಚರ್ಮಕ್ಕೆ ಅಷ್ಟು ವ್ಯತ್ಯಾಸ ತಿಳಿಯುತ್ತದೆ.

ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಕೂದಲು ಸುಮಾರು 50ರಿಂದ 100 ಮೈಕ್ರಾನ್. ಕಂಬಳಿಯಂಥ ಒರಟು ಉಣ್ಣೆಯಲ್ಲಿ 30 ದಾಟಿದ ಎಳೆಗಳು ಬೇಕಾದಷ್ಟಿರುತ್ತವೆ. ಮೆರಿನೋ ಸಾಮಾನ್ಯವಾಗಿ 24ಕ್ಕಿಂತ ಕಡಿಮೆ. ಬರೀ ಮೈಗೆ ಹಾಕುವ ಬಟ್ಟೆಗೆ 17ರಿಂದ 19.5ರ ಒಳಗಿನದ್ದನ್ನು ಬಳಸುತ್ತಾರೆ. ನಮ್ಮ ಕೆಲಸದಲ್ಲಿ ಒಂದು ಅಳತೆ ಇತ್ತು. 30 ಮೈಕ್ರಾನ್ ದಾಟಿದ ಎಳೆ ನೂರಕ್ಕೆ ಐದಕ್ಕಿಂತ ಜಾಸ್ತಿ ಇದ್ದರೆ ಬಟ್ಟೆ ಚುಚ್ಚುತ್ತದೆ ಅಂತಲೇ ಲೆಕ್ಕ.

ನಿಮ್ಮ ಹಳೆ ಸ್ವೆಟರ್ ಬಹುಶಃ ಆ ಒರಟು ಜಾತಿಯದ್ದೇ ಇರಬೇಕು. ಕೊಳ್ಳುವ ಮೊದಲು ಬಟ್ಟೆಯನ್ನು ಕುತ್ತಿಗೆಯ ಪಕ್ಕಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಗೈಗೆ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ. ಚರ್ಮಕ್ಕೆ ಎಕ್ಸಿಮಾ ಇದ್ದರೆ ಮಾತ್ರ ವೈದ್ಯರನ್ನು ಒಂದು ಮಾತು ಕೇಳಿ.

ದೂರದಓಟ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ವಾರಕ್ಕೆ ಐದು ದಿನ ಓಡುತ್ತೇನೆ. ಇದೇ ಥರದ ಹೊಗಳಿಕೆ ಕೇಳಿ ಒಂದು ಮೆರಿನೋ ಟೀಶರ್ಟ್ ತೆಗೆದುಕೊಂಡೆ. ಮೊದಲ ಅರ್ಧ ಗಂಟೆ ತುಂಬ ಹಿತವಾಗಿತ್ತು. ಆಮೇಲೆ ಬೆವರು ಜೋರಾಯಿತು. ಬಟ್ಟೆ ಕುಡಿಯುವಷ್ಟು ಕುಡಿದು ಭಾರವಾಗಿ ಕೆಳಗೆ ಜೋತುಬಿತ್ತು. ಎರಡು ಗಂಟೆ ಓಡಿ ಮನೆಗೆ ಬಂದು ಹಿಂಡಿದರೆ ನೀರು ಸುರಿಯಿತು. ಒಣಗಲೂ ತುಂಬ ಹೊತ್ತು ಹಿಡಿಯಿತು. ನನ್ನ ತೆಳು ಪಾಲಿಯೆಸ್ಟರ್ ಅಂಗಿ ಅಷ್ಟರಲ್ಲಿ ಎರಡು ಸಲ ಒಣಗುತ್ತದೆ.

ಮೆರಿನೋ ಬೆವರನ್ನು ಹೊರಕ್ಕೆ ಎಸೆಯುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತದೆ. ನನ್ನ ಅನುಭವದಲ್ಲಿ ಅದು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ ಅಲ್ವಾ?

ಬೆಟ್ಟದದಾರಿ

ದೂರದಓಟ ಅವರೇ, ಬೇಸರ ಯಾಕೆ? ನೀವು ಹೇಳಿದ್ದು ಸರಿಯಾಗಿದೆ. 30 ಗ್ರಾಂ ಒಳಗಿಟ್ಟುಕೊಳ್ಳುತ್ತದೆ ಅಂದರೆ ಅದಕ್ಕೊಂದು ಮಿತಿ ಇದೆ ಅಂತಲೇ ಅರ್ಥ. ಜೋರಾಗಿ ಓಡುವಾಗ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. 150 ಗ್ರಾಂ ಅಂಗಿ ಎಷ್ಟು ತಾನೇ ಹಿಡಿದೀತು? ಮಿತಿ ದಾಟಿದ ಮೇಲೆ ಅದೂ ಒದ್ದೆ ಬಟ್ಟೆಯೇ.

ನಾನು ಚಾರಣದವನು. ನನ್ನದು ಹತ್ತುವುದು, ನಿಲ್ಲುವುದು, ಮತ್ತೆ ಹತ್ತುವುದು. ನಿಮ್ಮ ಹಾಗೆ ಎರಡು ಗಂಟೆ ಒಂದೇ ಸಮ ಬೆವರುವ ಕೆಲಸ ಅಲ್ಲ. ಮೊದಲ ಪೋಸ್ಟಿನಲ್ಲೇ ಇದನ್ನು ಹೇಳಬೇಕಿತ್ತು.

ನೂಲುನೇಯ್ಗೆ

ಇಬ್ಬರ ಮಾತೂ ಒಂದೇ ಎಳೆಯ ಎರಡು ಕಡೆ ಇದ್ದ ಹಾಗೆ. ನಿಜವಾಗಿಯೂ ಹಾಗೇ!

ಉಣ್ಣೆಯ ಎಳೆಯ ಹೊರಮೈ ಮೀನಿನ ಹೊರಮೈಯಂತೆ ಚಿಕ್ಕ ಚಿಕ್ಕ ಹುರುಪೆಗಳಿಂದ ಕೂಡಿದೆ. ಅದರ ಮೇಲೆ ಎಳೆಗೇ ಬೆಸೆದುಕೊಂಡ ತೆಳುವಾದ ಜಿಡ್ಡಿನ ಪದರ ಇದೆ. ಆ ಪದರ ನೀರಿನ ಹನಿಯನ್ನು ತಡೆಯುತ್ತದೆ. ಆದರೆ ಆವಿ ಆ ಹುರುಪೆಗಳ ಸಂದಿಯಲ್ಲಿ ಒಳಗೆ ಹೋಗುತ್ತದೆ. ಒಳಗಿರುವುದು ಕೆರಾಟಿನ್, ನಮ್ಮ ಉಗುರು, ಕೂದಲು ಆಗಿರುವ ಅದೇ ಪ್ರೋಟೀನ್. ಅದಕ್ಕೆ ನೀರು ಅಂದರೆ ಇಷ್ಟ. ಹೊರಗೆ ನೀರಿಗೆ ಬೇಡ, ಒಳಗೆ ಬೇಕು. ನಮಗೆ ಗೊತ್ತಿರುವ ಕೃತಕ ಎಳೆಗಳಲ್ಲಿ ಈ ಎರಡು ಗುಣ ಹೀಗೆ ಒಟ್ಟಿಗೆ ಸಿಗುವುದು ಕಷ್ಟ.

ಇನ್ನೊಂದು ಸಂಗತಿ ನನಗೆ ಇವತ್ತಿಗೂ ಬೆರಗು. ನೀರಿನ ಆವಿ ಕೆರಾಟಿನ್‌ಗೆ ಅಂಟುವಾಗ ಸ್ವಲ್ಪ ಶಾಖ ಹೊರಬರುತ್ತದೆ. ಬೆಚ್ಚಗಿನ ಒಣ ಕೋಣೆಯಿಂದ ಹೊರಗಿನ ಮಂಜಿಗೆ ಬಂದರೆ ಉಣ್ಣೆ ತೇವ ಎಳೆದುಕೊಳ್ಳುತ್ತಾ ತಾನೇ ತುಸು ಬಿಸಿಯಾಗುತ್ತದೆ. ಒಣಗುವಾಗ ಅದೇ ಶಾಖವನ್ನು ವಾಪಸ್ ತೆಗೆದುಕೊಳ್ಳುತ್ತದೆ. ಅದಕ್ಕೇ ಮೈಯ ಬಿಸಿಯಲ್ಲಿ ಒಮ್ಮೆಲೇ ಏರಿಳಿತ ಆಗುವುದಿಲ್ಲ. ಬೆಟ್ಟದದಾರಿ ಅವರು ಹೇಳಿದ ಆ ಹತ್ತು ನಿಮಿಷದಲ್ಲಿ ಕೆಲಸ ಮಾಡುವುದು ಇದು, ಮತ್ತೆ ಎಳೆಯ ಸುರುಳಿ.

ಸುರುಳಿ ಅಂದರೆ, ಮೆರಿನೋ ಎಳೆ ನೇರ ಇರುವುದಿಲ್ಲ, ಉದ್ದಕ್ಕೂ ಅಲೆಅಲೆ. ಎಳೆಯ ಒಳಗಿನ ಎರಡು ಪಾಲು ಎರಡು ಬೇರೆ ಬಗೆಯ ಜೀವಕೋಶಗಳಿಂದ ಆಗಿವೆ, ಅವು ಒಂದೇ ಸಮ ಇರುವುದಿಲ್ಲ. ಹಾಗಾಗಿ ಎಳೆ ಬಾಗುತ್ತದೆ. ಬಾಗಿದ ಎಳೆಗಳು ಒಂದರ ಮೇಲೊಂದು ಒತ್ತಾಗಿ ಕೂರುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ. ತೇವ ಆದಮೇಲೂ ಬಟ್ಟೆ ಹತ್ತಿಯ ಹಾಗೆ ಚರ್ಮಕ್ಕೆ ಪೂರ್ತಿ ಅಂಟುವುದಿಲ್ಲ.

ದೂರದಓಟ ಅವರ ದೂರೂ ಸರಿ. ಒಣಗುವ ವೇಗದಲ್ಲಿ ಪಾಲಿಯೆಸ್ಟರ್ ಮುಂದೆ. ಬೆವರನ್ನು ಎಸೆಯುವುದು ಅನ್ನುವ ಮಾತು ಉಣ್ಣೆಗೆ ಅಷ್ಟು ಹೊಂದುವುದಿಲ್ಲ. ಅದು ತೆಗೆದುಕೊಂಡು, ಇಟ್ಟುಕೊಂಡು, ನಿಧಾನಕ್ಕೆ ಬಿಡುತ್ತದೆ.

ಎರಡುಚಕ್ರ

ಸೈಕಲ್ಲಿನವರ ಪರವಾಗಿ ನಾನು. ನಮ್ಮಲ್ಲಿ ಏರಿನಲ್ಲಿ ಬೆವರು, ಇಳಿಜಾರಿನಲ್ಲಿ ಗಾಳಿ. ಒಂದು ಗಂಟೆ ಹತ್ತಿ ಬೆವರಿದ ಮೈಗೆ ಇಪ್ಪತ್ತು ನಿಮಿಷ ಎದುರುಗಾಳಿ ಬಡಿಯುತ್ತದೆ, ಅದೂ ಕಾಲು ಆಡಿಸದೆ. ಪಾಲಿಯೆಸ್ಟರ್ ಅಂಗಿಯಲ್ಲಿ ಆ ಇಳಿಜಾರು ಅಂದರೆ ಎದೆ ಮೇಲೆ ಮಂಜುಗಡ್ಡೆ ಇಟ್ಟ ಹಾಗೆ. ತೆಳು ಮೆರಿನೋ ಮೇಲೆ ಗಾಳಿತಡೆ ಜಾಕೆಟ್ ಹಾಕಿಕೊಂಡರೆ ಆ ನಡುಕ ಇಲ್ಲ.

ಇದು ಹೊಸದೇನಲ್ಲ. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯ ಟೂರ್ ಡಿ ಫ್ರಾನ್ಸ್‌ನಲ್ಲಿ ಮುಂಚೂಣಿಯಲ್ಲಿರುವವರಿಗೆ ಕೊಡುವ ಹಳದಿ ಅಂಗಿ 1919ರಲ್ಲಿ ಶುರುವಾದಾಗ ಅದು ಉಣ್ಣೆಯದ್ದೇ. ಸಿಂಥೆಟಿಕ್ ಬರುವ ತನಕ ಸೈಕಲ್ ಪಟುಗಳ ಅಂಗಿ ಅಂದರೆ ಉಣ್ಣೆ.

ನನಗೆ ಇನ್ನೂ ದೊಡ್ಡ ಲಾಭ ವಾಸನೆ. ಎಂಟು ದಿನದ ಸವಾರಿಗೆ ಎರಡೇ ಅಂಗಿ ಒಯ್ದಿದ್ದೆ. ಪಾಲಿಯೆಸ್ಟರ್ ಆಗಿದ್ದರೆ ಎರಡನೇ ಸಂಜೆಗೇ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಬ್ಯಾಕ್ಟೀರಿಯಾ ಉಣ್ಣೆಯಲ್ಲಿ ಬದುಕುವುದಿಲ್ಲವಂತೆ, ಅದರಲ್ಲಿರುವ ಲ್ಯಾನೊಲಿನ್ ಅವನ್ನು ಕೊಲ್ಲುತ್ತದಂತೆ.

ನೂಲುನೇಯ್ಗೆ

ಎರಡುಚಕ್ರ ಅವರೇ, ವಾಸನೆ ಬರುವುದಿಲ್ಲ ಅನ್ನುವುದು ಸರಿ, ಕಾರಣ ಮಾತ್ರ ಅದಲ್ಲ. ಲ್ಯಾನೊಲಿನ್ ಅಂದರೆ ಕುರಿಯ ಮೈಯ ಜಿಡ್ಡು. ಕತ್ತರಿಸಿದ ಉಣ್ಣೆಯನ್ನು ಕಾರ್ಖಾನೆಯಲ್ಲಿ ಮೊದಲು ತೊಳೆಯುವಾಗಲೇ ಅದು ಬಹುಪಾಲು ಹೋಗಿಬಿಡುತ್ತದೆ. ನೀವು ಹಾಕುವ ಅಂಗಿಯಲ್ಲಿ ಉಳಿದಿರುವುದು ತೀರಾ ಕಡಿಮೆ. ಬ್ಯಾಕ್ಟೀರಿಯಾ ಕೂಡ ಉಣ್ಣೆಯಲ್ಲಿ ಇದ್ದೇ ಇರುತ್ತವೆ.

ಬೆವರಿಗೆ ಹುಟ್ಟುತ್ತಲೇ ಹೇಳುವಂಥ ವಾಸನೆ ಇಲ್ಲ. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆಯ ಅಣುಗಳು ಹುಟ್ಟುತ್ತವೆ. ಉಣ್ಣೆ ಆ ಅಣುಗಳನ್ನು ತೇವದ ಜೊತೆ ಎಳೆಯೊಳಗೆ ಎಳೆದು ಹಿಡಿದುಕೊಳ್ಳುತ್ತದೆ. ಗಾಳಿಗೆ ಬಿಡುವುದು ಕಡಿಮೆ, ಹಾಗಾಗಿ ಮೂಗಿಗೆ ಬರುವುದೂ ಕಡಿಮೆ. ಒಗೆದಾಗ ಬಿಟ್ಟುಕೊಡುತ್ತದೆ. ಪಾಲಿಯೆಸ್ಟರ್ ನೀರನ್ನು ಬೇಡ ಅನ್ನುತ್ತದೆ, ಆದರೆ ಎಣ್ಣೆ ಜಿಡ್ಡನ್ನು ಬಿಗಿಯಾಗಿ ಹಿಡಿಯುತ್ತದೆ. ಒಗೆದರೂ ಪೂರ್ತಿ ಬಿಡುವುದಿಲ್ಲ. ಹಳೆಯ ಜಿಮ್ ಅಂಗಿ ಒಗೆದು ತೊಟ್ಟ ಐದೇ ನಿಮಿಷಕ್ಕೆ ಕಮಟು ಹೊಡೆಯುವುದು ಇದಕ್ಕೇ.

2014ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 26 ಜನರಿಂದ ಜೋರಾಗಿ ಸೈಕಲ್ ತುಳಿಸಿ ಅವರ ಅಂಗಿಗಳನ್ನು ಪರೀಕ್ಷಿಸಿದ್ದರು. ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಯ ವಾಸನೆ ಕೆಟ್ಟದಾಗಿತ್ತು. ಮೈಕ್ರೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆದಿತ್ತು. ಆ ಹೋಲಿಕೆಯಲ್ಲಿ ಉಣ್ಣೆಯ ಅಂಗಿ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೆ ಪಾಲಿಯೆಸ್ಟರ್ ಕಥೆ ಅದರಿಂದ ಅರ್ಥವಾಗುತ್ತದೆ.

ಎರಡುಚಕ್ರ

ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ದಿನ ಎಲ್ಲರಿಗೂ ಲ್ಯಾನೊಲಿನ್ ಅಂತಲೇ ಹೇಳುತ್ತಿದ್ದೆ.

ಹಳೆಪೆಟ್ಟಿಗೆ

ಈ ಕುರಿಯ ಕಥೆ ಓದಲು ನನಗೆ ಬಹಳ ಇಷ್ಟ, ಎರಡು ಮಾತು ಸೇರಿಸಲೇ? ಮೆರಿನೋ ತಳಿಯನ್ನು ಸ್ಪೇನ್ ಶತಮಾನಗಟ್ಟಲೆ ತನ್ನೊಬ್ಬಳ ಸ್ವತ್ತಾಗಿ ಕಾಪಾಡಿಕೊಂಡಿತ್ತು. ಜೀವಂತ ಕುರಿಯನ್ನು ದೇಶದ ಹೊರಗೆ ಸಾಗಿಸಿದರೆ ಘೋರ ಶಿಕ್ಷೆ. 1765ರಲ್ಲಿ ಸ್ಪೇನಿನ ರಾಜ ಮೂರನೇ ಕಾರ್ಲೋಸ್ ಈಗ ಜರ್ಮನಿಯಲ್ಲಿರುವ ಸ್ಯಾಕ್ಸನಿಗೆ ಒಂದು ಹಿಂಡು ಕೊಟ್ಟ. 1786ರಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿ ರಾಂಬುಯೇ ಅನ್ನುವಲ್ಲಿ ಒಂದು ಹಿಂಡು ಸಾಕಿಸಿದ. 1797ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಕಡೆಯಿಂದ ಕೆಲವು ಕುರಿಗಳು ಹಡಗಿನಲ್ಲಿ ಆಸ್ಟ್ರೇಲಿಯಾ ತಲುಪಿದವು. ಇವತ್ತು ಜಗತ್ತಿನ ನವಿರಾದ ಉಣ್ಣೆಯ ದೊಡ್ಡ ಪಾಲು ಬರುವುದು ಅಲ್ಲಿಂದಲೇ.

ಬೆಟ್ಟದ ಮಾತು ಬಂದದ್ದರಿಂದ ಇನ್ನೊಂದು. 1924ರಲ್ಲಿ ಎವರೆಸ್ಟ್‌ನಲ್ಲಿ ಕಾಣೆಯಾದ ಬ್ರಿಟಿಷ್ ಪರ್ವತಾರೋಹಿ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರಗಳು, ಹೊರಗೆ ಗ್ಯಾಬರ್ಡೀನ್ ಅನ್ನುವ ಒತ್ತಾಗಿ ನೇಯ್ದ ಬಟ್ಟೆ. ಅದೇ ಥರದ ಬಟ್ಟೆ ಹೊಲಿಸಿ 2006ರಲ್ಲಿ ಎವರೆಸ್ಟ್‌ನಲ್ಲೇ ತೊಟ್ಟು ನೋಡಿದರು. ಹಗುರ, ಬೆಚ್ಚಗೆ, ಕೈಕಾಲು ಆಡಿಸಲು ಆರಾಮ ಅಂತ ಕಂಡುಬಂತು. ಪದರಪದರವಾಗಿ ತೊಡುವ ಈಗಿನ ಕ್ರಮ ಆಗಲೇ ಇತ್ತು ನೋಡಿ.

ಡೇರೆಬೆಳಕು

ಬೆಂಕಿಯ ವಿಷಯ ಯಾರೂ ಹೇಳಲಿಲ್ಲವಲ್ಲ. ಡೇರೆಯ ಹೊರಗೆ ಬೆಂಕಿ ಮುಂದೆ ಕೂತಿದ್ದಾಗ ಕಿಡಿಯೊಂದು ಹಾರಿ ನನ್ನ ಸಿಂಥೆಟಿಕ್ ಅಂಗಿಯ ತೋಳಿಗೆ ಬಿತ್ತು. ಬಟ್ಟೆ ಕರಗಿ ಚರ್ಮಕ್ಕೆ ಅಂಟಿತು. ಗುರುತು ಈಗಲೂ ಇದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಉಣ್ಣೆ ಕರಗುವುದೇ ಇಲ್ಲ, ಹೊತ್ತಿಕೊಳ್ಳಲು 570 ಡಿಗ್ರಿಯಷ್ಟು ಬೇಕು. ಕಿಡಿ ಬಿದ್ದರೆ ಕಪ್ಪಾಗಿ ಬೂದಿಯಾಗಿ ಉದುರುತ್ತದೆ. ಒಲೆ, ಬೆಂಕಿ ಹತ್ತಿರ ಇರುವವರು ಇದನ್ನು ಮನಸ್ಸಿನಲ್ಲಿಡಿ.

ತೇಪೆದಾರ

ಎಲ್ಲ ಚೆನ್ನಾಗಿದೆ, ಆದರೆ ಬಾಳಿಕೆ? ಇಷ್ಟಪಟ್ಟು ತೆಗೆದುಕೊಂಡ ಅಂಗಿಗೆ ಐದೇ ತಿಂಗಳಲ್ಲಿ ಸೊಂಟದ ಹತ್ತಿರ ನಾಲ್ಕು ತೂತು ಬಿದ್ದವು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿತ್ತು. ನಿಜಕ್ಕೂ ನೋವಾಯಿತು. ನಮ್ಮಂಥವರು ಪದೇಪದೇ ಕೊಳ್ಳಲು ಆಗುವುದಿಲ್ಲ.

ನೂಲುನೇಯ್ಗೆ

ತೇಪೆದಾರ ಅವರೇ, ಸೊಂಟದ ಹತ್ತಿರ ಅಂದಿರಲ್ಲ, ಬೆನ್ನುಚೀಲದ ಸೊಂಟಪಟ್ಟಿ ಉಜ್ಜುವ ಜಾಗವಾ ಅದು?

ತೇಪೆದಾರ

ಹೌದು, ಸರಿಯಾಗಿ ಬಕಲ್ ಕೂರುವ ಕಡೆ. ನಿಮಗೆ ಹೇಗೆ ಗೊತ್ತಾಯಿತು?

ನೂಲುನೇಯ್ಗೆ

ತೂತು ಬೀಳುವುದು ಹೆಚ್ಚಾಗಿ ಅಲ್ಲೇ. ಉಣ್ಣೆ ಒದ್ದೆಯಾದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಒದ್ದೆ ಎಳೆ, ಮೇಲೆ ಭಾರದ ಪಟ್ಟಿ, ದಿನವಿಡೀ ತಿಕ್ಕಾಟ. ತೆಳು ಬಟ್ಟೆ ತಡೆಯುವುದಿಲ್ಲ.

ಬಟ್ಟೆಯ ಚೀಟಿಯಲ್ಲಿ ಜಿಎಸ್‌ಎಂ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. 120ರಿಂದ 150 ತೀರಾ ತೆಳು, ಸೆಖೆಗೆ, ಓಟಕ್ಕೆ. 200ರ ಆಸುಪಾಸು ಚಳಿಯಲ್ಲಿ ನಡೆಯುವವರಿಗೆ. 250 ಮೇಲ್ಪಟ್ಟದ್ದು ಕಡು ಚಳಿಗೆ, ಅಥವಾ ರಾತ್ರಿ ಮಲಗುವಾಗ. ಭಾರ ಹೊತ್ತು ನಡೆಯುವವರು 150ರ ಕೆಳಗೆ ಹೋಗದಿರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ದಾರಿ ನೈಲಾನ್ ಬೆರೆತದ್ದು. ನಡುವೆ ನೈಲಾನ್ ನೂಲು ಇಟ್ಟು ಅದರ ಸುತ್ತ ಮೆರಿನೋ ಸುತ್ತುತ್ತಾರೆ. ಚರ್ಮಕ್ಕೆ ತಾಗುವುದು ಉಣ್ಣೆ, ಎಳೆತ ತಡೆಯುವುದು ನೈಲಾನ್. ನೂರಕ್ಕೆ ಹತ್ತು ಹನ್ನೆರಡು ಪಾಲು ನೈಲಾನ್ ಇದ್ದರೂ ಬಾಳಿಕೆ ಚೆನ್ನಾಗಿ ಹೆಚ್ಚುತ್ತದೆ. ಶುದ್ಧ ಉಣ್ಣೆಯೇ ಬೇಕು ಅನ್ನುವ ಹಟ ಚಾರಣದ ಅಂಗಿಗೆ ಬೇಡ. ಕಾಲುಚೀಲಕ್ಕಂತೂ ಬೇಡವೇ ಬೇಡ, ಹಿಮ್ಮಡಿ ವಾರದಲ್ಲಿ ಸವೆದುಹೋಗುತ್ತದೆ.

ತೂತು ಸಣ್ಣದಿರುವಾಗಲೇ ಅದೇ ಬಣ್ಣದ ಉಣ್ಣೆ ನೂಲಿನಿಂದ ರಫು ಮಾಡಿ. ನೂಲನ್ನು ಬಿಗಿಯಾಗಿ ಎಳೆಯಬೇಡಿ, ಬಟ್ಟೆಯ ಜೊತೆ ಅದೂ ಹಿಗ್ಗಬೇಕು. ನನ್ನ ಒಂದು ಅಂಗಿಗೆ ಹನ್ನೊಂದು ಕಡೆ ರಫು ಇದೆ. ಈಗಲೂ ಅದನ್ನೇ ಮೊದಲು ಚೀಲಕ್ಕೆ ಹಾಕುವುದು.

ಕುರಿಕಾಳಜಿ

ಬಟ್ಟೆಯ ಮಾತಿನ ನಡುವೆ ಕುರಿಯನ್ನು ಮರೆಯಬಾರದು. ಮೆರಿನೋ ಕುರಿಯ ಚರ್ಮದಲ್ಲಿ ಮಡಿಕೆ ಜಾಸ್ತಿ. ಬಾಲದ ಸುತ್ತ ತೇವ, ಕೊಳೆ ಸೇರಿ ನೊಣ ಮೊಟ್ಟೆ ಇಡುತ್ತದೆ, ಹುಳುಗಳು ಜೀವಂತ ಕುರಿಯನ್ನೇ ತಿನ್ನುತ್ತವೆ. ಅದನ್ನು ತಡೆಯಲು ಮರಿಯಿದ್ದಾಗಲೇ ಬಾಲದ ಸುತ್ತಲ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ ಮ್ಯೂಲ್ಸಿಂಗ್ ಅನ್ನುತ್ತಾರೆ. ನ್ಯೂಜಿಲೆಂಡ್ 2018ರಲ್ಲಿ ಇದನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ ಅಂಥ ನಿಷೇಧ ಆಗಿಲ್ಲ, ಆದರೂ ಬಿಟ್ಟವರು ಅಲ್ಲೂ ಇದ್ದಾರೆ. ಮಡಿಕೆ ಕಡಿಮೆ ಇರುವ ತಳಿ ಬೆಳೆಸುತ್ತಿದ್ದಾರೆ.

ಕೊಳ್ಳುವಾಗ ಮ್ಯೂಲ್ಸಿಂಗ್ ಮಾಡದ ಉಣ್ಣೆ ಅಂತ ಬರೆದಿದೆಯಾ ನೋಡಿ. ಆರ್‌ಡಬ್ಲ್ಯುಎಸ್, ಜೆಡ್‌ಕ್ಯೂ (RWS, ZQ) ಅನ್ನುವ ಪ್ರಮಾಣಪತ್ರದ ಗುರುತುಗಳಿದ್ದರೆ ಆ ನಿಯಮ ಪಾಲಿಸಿದ ಉಣ್ಣೆ. ಏನೂ ಬರೆದಿಲ್ಲದಿದ್ದರೆ ಮಾರುವವರನ್ನು ಕೇಳಿ. ಕೇಳುವವರು ಹೆಚ್ಚಾದರೆ ಅವರೂ ಗಮನ ಕೊಡುತ್ತಾರೆ.

ದೂರದಓಟ

ಸುಮ್ನೆ ಬಟ್ಟೆಯ ಬಗ್ಗೆ ದೂರಲು ಬಂದವಳು ನಾನು. ಇದು ಗೊತ್ತೇ ಇರಲಿಲ್ಲ. ಬರೆದದ್ದಕ್ಕೆ ಧನ್ಯವಾದ.

ಆದರೆ ಸಿಂಥೆಟಿಕ್ ಒಗೆದಾಗ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವಲ್ಲ, ಅದೂ ಮನಸ್ಸಿಗೆ ಚುಚ್ಚುತ್ತದೆ. ಉಣ್ಣೆ ಮಣ್ಣಲ್ಲಿ ಕೊಳೆತು ಹೋಗುತ್ತದೆ. ನನಗೆ ಈಗ ಒಂದು ಪ್ರಶ್ನೆ. ಚಳಿಗಾಲದ ಮುಂಜಾನೆ ನಿಧಾನವಾಗಿ ಒಂದು ಗಂಟೆ ಓಡುವುದಕ್ಕೆ ಮೆರಿನೋ ಸರಿ ಹೋಗಬಹುದಾ?

ಬೆಟ್ಟದದಾರಿ

ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. 150 ಜಿಎಸ್‌ಎಂ, ಉದ್ದ ತೋಳು, ಮೈಗೆ ಒತ್ತಿ ಕೂರುವ ಅಳತೆ. ಸಡಿಲ ಇದ್ದರೆ ಬೆವರು ಎಳೆಗೆ ಸರಿಯಾಗಿ ತಲುಪುವುದಿಲ್ಲ. ಗಾಳಿ ಇದ್ದರೆ ಮೇಲೊಂದು ತೆಳು ಜಾಕೆಟ್. ಸೆಖೆಯ ದಿನದ ಜೋರು ಓಟಕ್ಕೆ ನಿಮ್ಮ ಪಾಲಿಯೆಸ್ಟರ್ ಅಂಗಿಯನ್ನೇ ಇಟ್ಟುಕೊಳ್ಳಿ.

ಹೊಸಹೆಜ್ಜೆ

ಒಗೆಯುವುದು ಹೇಗೆ ಅಂತಲೂ ಹೇಳಿಬಿಡಿ. ಉಣ್ಣೆ ಒಗೆದರೆ ಕುಗ್ಗಿ ಮಕ್ಕಳ ಅಂಗಿ ಆಗುತ್ತದೆ ಅಂತ ಹೆದರಿಸಿದ್ದಾರೆ.

ನೂಲುನೇಯ್ಗೆ

ಕುಗ್ಗುವುದು ಆ ಹುರುಪೆಗಳಿಂದ. ಬಿಸಿನೀರು ಮತ್ತು ತಿಕ್ಕಾಟ ಸೇರಿದರೆ ಹುರುಪೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಿಡುವುದೇ ಇಲ್ಲ. ಮೆಷಿನ್‌ನಲ್ಲಿ ಒಗೆಯಬಹುದು ಅಂತ ಬರೆದ ಬಟ್ಟೆಗಳಲ್ಲಿ ಹುರುಪೆಗಳನ್ನು ಕ್ಲೋರಿನ್‌ನಿಂದ ನಯ ಮಾಡಿ ತೆಳು ಲೇಪ ಕೊಟ್ಟಿರುತ್ತಾರೆ. ಈಗ ಸಿಗುವ ಚಾರಣದ ಅಂಗಿಗಳಲ್ಲಿ ಹೆಚ್ಚಿನವು ಇಂಥವೇ. ಆದರೂ ತಣ್ಣೀರೇ ಒಳ್ಳೆಯದು, ಒಳಮೈ ಹೊರಗೆ ಮಾಡಿ ಹಾಕಿ.

ಬ್ಲೀಚ್ ಬೇಡ, ಬಟ್ಟೆ ಮೆದು ಮಾಡುವ ದ್ರವವೂ ಬೇಡ. ಎನ್‌ಜೈಮ್ ಇರುವ ಸಾಬೂನುಪುಡಿಯ ಬಗ್ಗೆ ಎಚ್ಚರ. ಕಲೆ ತೆಗೆಯಲೆಂದು ಪ್ರೋಟೀನ್ ಒಡೆಯುವ ಎನ್‌ಜೈಮ್ ಹಾಕಿರುತ್ತಾರೆ, ಉಣ್ಣೆಯೇ ಪ್ರೋಟೀನ್ ಆದ್ದರಿಂದ ಅದು ಬಟ್ಟೆಯನ್ನೂ ತಿನ್ನುತ್ತದೆ. ಹಿಂಡಿ ತಿರುಚಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರವಿ, ನೆರಳಲ್ಲಿ ಒಣಗಿಸಿ.

ಎತ್ತಿಡುವ ಮೊದಲು ಒಗೆದೇ ಇಡಿ. ಬೆವರು ಮೆತ್ತಿದ ಉಣ್ಣೆ ನುಸಿಗೆ ಬಲು ಇಷ್ಟ. ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಚಿಂತೆ ಇಲ್ಲ.

ಹೊಸಹೆಜ್ಜೆ (ಐದು ವಾರದ ನಂತರ)

ನಡಿಗೆ ಮುಗಿಸಿ ಬಂದೆ. ಹೇಳದಿದ್ದರೆ ತಪ್ಪಾಗುತ್ತದೆ ಅನಿಸಿತು.

18.5 ಮೈಕ್ರಾನ್, 200 ಜಿಎಸ್‌ಎಂ, ನೈಲಾನ್ ಬೆರೆತದ್ದು ತೆಗೆದುಕೊಂಡೆ. ಕುತ್ತಿಗೆಗೆ ಒತ್ತಿ ನೋಡಿದೆ, ಏನೂ ಆಗಲಿಲ್ಲ. ಮೂರು ದಿನವೂ ಅದೊಂದೇ ಅಂಗಿ. ನವೆ ಬರಲಿಲ್ಲ. ಮೊದಲ ದಿನ ಸೆಖೆ ಅನಿಸಿದ್ದು ನಿಜ, ನನಗೆ 150 ಸಾಕಿತ್ತು. ಎರಡನೇ ದಿನ ಮಧ್ಯಾಹ್ನ ಮಳೆ ಬಂತು. ಜಾಕೆಟ್ಟಿನ ಕುತ್ತಿಗೆಯಿಂದ ನೀರು ಇಳಿದು ಭುಜ ಪೂರ್ತಿ ಒದ್ದೆಯಾಯಿತು. ತುದಿಯಲ್ಲಿ ಎಲ್ಲರೂ ಬರಲಿ ಅಂತ ಅರ್ಧ ಗಂಟೆ ಕಾಯಬೇಕಾಯಿತು. ಅಂಗಿ ಒದ್ದೆ ಅಂತ ಕೈಗೆ ಗೊತ್ತಾಗುತ್ತಿತ್ತು, ಆದರೆ ಮೈ ನಡುಗಲಿಲ್ಲ. ನನ್ನ ಪಕ್ಕದಲ್ಲಿದ್ದ ಹುಡುಗ ಹತ್ತಿ ಟೀಶರ್ಟ್ ಹಾಕಿದ್ದ, ತುಟಿ ನೀಲಿಯಾಗಿತ್ತು. ನನ್ನ ಬಳಿ ಇದ್ದ ಇನ್ನೊಂದು ಒಣ ಉಣ್ಣೆ ಬನಿಯನ್ ಅವನಿಗೆ ಕೊಟ್ಟೆ, ಡೇರೆಯ ಮರೆಯಲ್ಲಿ ಬದಲಾಯಿಸಿಕೊಂಡ.

ಮಲಗುವಾಗ ಒದ್ದೆ ಅಂಗಿಯನ್ನು ಬಿಚ್ಚದೆ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕೆ. ಬೆಳಿಗ್ಗೆ ಹೊತ್ತಿಗೆ ಒಣಗಿತ್ತು. ಇದು ಸರಿಯಾದ ಕ್ರಮವಾ?

ಬೆಟ್ಟದದಾರಿ

ಓದಿ ತುಂಬ ಸಂತೋಷವಾಯಿತು. ಆ ಹುಡುಗ ಈಗ ಆರಾಮಾಗಿದ್ದಾನೆ ತಾನೆ?

ಸ್ವಲ್ಪ ತೇವ ಇದ್ದರೆ ಹಾಗೆ ಮಲಗಬಹುದು, ಮೈಯ ಬಿಸಿಗೆ ಒಣಗುತ್ತದೆ. ಹಿಂಡಿದರೆ ನೀರು ಬರುವಷ್ಟಿದ್ದರೆ ಬೇಡ. ಆ ತೇವವೆಲ್ಲ ಸ್ಲೀಪಿಂಗ್ ಬ್ಯಾಗಿನ ಒಳಗಿನ ತುಪ್ಪಳಕ್ಕೆ ಸೇರುತ್ತದೆ, ಮಾರನೇ ರಾತ್ರಿ ಚಳಿಗೆ ಅದು ಸಾಲುವುದಿಲ್ಲ. ಮಲಗಲಿಕ್ಕೆಂದೇ ಒಂದು ಒಣ ಜೊತೆಯನ್ನು ನೀರು ಹೋಗದ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ.

ಹೊಸಹೆಜ್ಜೆ

ಆರಾಮಾಗಿದ್ದಾನೆ. ನನ್ನ ಬನಿಯನ್ ಇನ್ನೂ ಅವನ ಹತ್ತಿರವೇ ಇದೆ. ತಣ್ಣೀರಲ್ಲಿ ಒಗೆ, ಹಿಂಡಬೇಡ ಅಂತ ಹೇಳಿ ಕಳಿಸಿದ್ದೇನೆ.